ಅನುಭವ, ವರ್ಷಗಳಲ್ಲಿ

ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆ, ಮೂರನೇ ಮಹಡಿ.
ವಿದೇಶಿ ರೋಗಿಗಳ ವಿಭಾಗಕ್ಕೆ ಜನ ಬೇಕಂತೆ.
ಫಾರಮ್ಮಿನಲ್ಲಿ ಒಂದು ಕಿರುಗೆರೆ: ಅನುಭವ, ವರ್ಷಗಳಲ್ಲಿ.
ನನ್ನ ಪೆನ್ನು ಅಲ್ಲೇ ನಿಂತಿತು,
ಡೈರಿ ಸರ್ಕಲ್ಲಿನಲ್ಲಿ ಬಸ್ಸು ನಿಂತ ಹಾಗೆ.

ಎದುರಿನ ಹುಡುಗಿಯ ಹೆಸರು ದೇಚಮ್ಮ.
"ಮ್ಯಾಮ್, ತೊಂಬತ್ತೆಂಟರಿಂದ ಈಚೆಗೆ ಗ್ಯಾಪ್ ಇದೆಯಲ್ಲ?"

ಗ್ಯಾಪ್.
ಉಲಾನ್‌ಬಾತರ್, ಲುಸಾಕಾ, ಮಸ್ಕತ್, ತಾಷ್ಕೆಂಟ್,
ನಡುನಡುವೆ ದಿಲ್ಲಿಯ ಸರ್ಕಾರಿ ಕ್ವಾರ್ಟರ್ಸು.
ಇಷ್ಟು ಅಗಲ.

ಅದಕ್ಕೂ ಮುಂಚೆ ಎರಡು ವರ್ಷ
ಜಯನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದೆ.
ಅದಕ್ಕೆ ಅವಳು ಟಿಕ್ ಹಾಕಿಕೊಂಡಳು.
ಆಮೇಲೆ ನಾನು ಶ್ರೀಮತಿ ಸಂಪತ್ಕುಮಾರ್;
ಊಟದ ಮೇಜಿನ ಚೀಟಿಯಲ್ಲಿ ಹಾಗೇ ಇರುತ್ತಿತ್ತು.
ಇಂದುಮತಿ ಪಾಸ್‌ಪೋರ್ಟಿನೊಳಗೆ
ಮಡಿಸಿಟ್ಟ ಸೀರೆಯಂತಿದ್ದಳು.

ಯಾರ ಪಕ್ಕ ಯಾರನ್ನು ಕೂರಿಸಬಾರದು
ಎಂದು ನನಗೆ ಕಲಿಸಿದ್ದು ವಿದೇಶಾಂಗ ಇಲಾಖೆಯಲ್ಲ.
ಚಾಮರಾಜಪೇಟೆಯ ಛತ್ರದಲ್ಲಿ ನಮ್ಮ ಸೋದರತ್ತೆ
ಮೂರನೇ ಪಂಕ್ತಿಗೆ ಎಲೆ ಹಾಕಿಸುತ್ತಾ
ಮಾತು ಬಿಟ್ಟ ಇಬ್ಬರು ಷಡ್ಡಕರ ನಡುವೆ
ಕಿವಿ ಕೇಳದ ಶೇಷಾದ್ರಿ ಮಾವನನ್ನು ಕೂರಿಸಿದ್ದಳು.
ಲುಸಾಕಾದಲ್ಲಿ, ಗಡಿಜಗಳದ ಎರಡು ದೇಶಗಳ ನಡುವೆ,
ನಾನು ಹುಡುಕಿದ್ದೂ ಒಬ್ಬ ಶೇಷಾದ್ರಿ ಮಾವನನ್ನೇ.
ಸಿಕ್ಕ. ನಾರ್ವೆಯವನು.
ಪಾಯಸ ಬರುವ ತನಕ ಮೀನಿನ ಬಗ್ಗೆಯೇ ಮಾತಾಡಿದ.

ಮಸ್ಕತ್ತಿನದು ಬೇರೆ.
ಜೇವರ್ಗಿ ಕಡೆಯ ಗಾರೆ ಕೆಲಸದ ಸಾಬಣ್ಣ
ಏಳನೇ ಅಂತಸ್ತಿನ ಸಾರುವೆಯಿಂದ ಬಿದ್ದ.
ಕಾಗದಪತ್ರ ಇವರು ನೋಡಿಕೊಂಡರು.
ಹೆಂಡತಿಗೆ ಹೇಳುವ ಫೋನು ನನ್ನ ಕೈಗೆ ಬಂತು.
ಕನ್ನಡ ಬಲ್ಲವರು ನಾವಿಬ್ಬರೇ,
ಇವರಿಗೆ ದನಿ ಹೊರಡಲಿಲ್ಲ.

ಸುದ್ದಿಯನ್ನು ಮೊದಲು ಹೇಳಬಾರದು.
"ಕುಂತಿ ಏನವ್ವಾ? ಬಾಜೂಕ ಯಾರದಾರ?"
ಅನ್ನಬೇಕು. ನೀರು ತರಿಸಬೇಕು.
ಆಮೇಲೆ ಕಾಯಬೇಕು, ನಿಮಿಷಕ್ಕಿಷ್ಟು ಎಂದು ದುಡ್ಡು ಸುರಿದರೂ.
ಅಂದು ನನ್ನ ಬೆಂಗಳೂರು ಕನ್ನಡ
ಅವಳ ಕನ್ನಡದ ಹೊಸ್ತಿಲಲ್ಲಿ
ಚಪ್ಪಲಿ ಬಿಟ್ಟು ಒಳಗೆ ಹೋಯಿತು.

ಇದೆಲ್ಲ ದೇಚಮ್ಮನಿಗೆ ಹೇಳಲಿಲ್ಲ.
"ಜನರ ಜೊತೆ ಒಡನಾಟ ಅಭ್ಯಾಸವಿದೆ" ಅಂದೆ.
"ಸಾಫ್ಟ್ ಸ್ಕಿಲ್ಸ್ ಅಂತ ಹಾಕ್ಲಾ?" ಅಂದಳು, ಅಕ್ಕರೆಯಿಂದಲೇ.
ಮೆತ್ತಗೇನೂ ಇರಲಿಲ್ಲ ಕಣಮ್ಮ.
ಹಾಕು, ಅಂದೆ.

ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕ,
ತಲೆಗೆ ಕಸೂತಿಯ ಚೌಕ ಟೋಪಿ.
ಕ್ಯಾಂಟೀನ್ ಹುಡುಗ ಬನ್ನು ಇಟ್ಟು ಹೋಗಿದ್ದ, ಬೋರಲಾಗಿ.
ಅವನು ಮುಟ್ಟಿರಲಿಲ್ಲ. ನೋಡುತ್ತಿದ್ದ,
ತುಳಿದ ಅಕ್ಕಿಕಾಳನ್ನು ನಮ್ಮಜ್ಜಿ ನೋಡುತ್ತಿದ್ದಂತೆ.
ತಾಷ್ಕೆಂಟಿನಲ್ಲಿ ರೊಟ್ಟಿಯ ಮುಖ ಕೆಳಗಿಡುವುದಿಲ್ಲ.
ನನ್ನ ಕೈ ನನ್ನನ್ನು ಕೇಳದೆ
ಬನ್ನನ್ನು ಮಗುಚಿತು.
"ಮರ್ಹಮತ್" ಅಂದೆ, ತುಕ್ಕು ಹಿಡಿದ ಉಜ್ಬೆಕ್‌ನಲ್ಲಿ.

ಅವನು ಎದೆಯ ಮೇಲೆ ಕೈಯಿಟ್ಟ.
ಆಮೇಲೆ ಕಟ್ಟೆಯೊಡೆದಂತೆ ಮಾತು.
ಮೂರರಲ್ಲಿ ಒಂದು ಪಾಲು ತಿಳಿಯಿತು:
ಒಳಗಿರುವುದು ಹೆಂಡತಿ; ಬೆಳಗಿನಿಂದ ಯಾರೂ ಏನೂ ಹೇಳಿಲ್ಲ.
"ಜೊತೆಗೆ ಯಾರಿದ್ದಾರೆ?" ಕೇಳಿದೆ.
ಬೆರಳು ಮೇಲಕ್ಕೆ ತೋರಿಸಿದ.
ದೇವರನ್ನೋ, ಐದನೇ ಮಹಡಿಯನ್ನೋ.
ಪಕ್ಕದಲ್ಲಿ ಕೂತೆ.
ಬನ್ನು ಮುರಿದು ಅರ್ಧ ನನಗೆ ಕೊಟ್ಟ.

ಸೋಮವಾರ ತಿಳಿಸುತ್ತಾರಂತೆ.
ಆ ಕಿರುಗೆರೆಯನ್ನು ಖಾಲಿಯೇ ಬಿಟ್ಟು ಬಂದೆ.
ಬಸ್ಸಿನಲ್ಲಿ ನೋಡಿಕೊಂಡರೆ
ಸೆರಗಿನ ಮಡಿಕೆಯಲ್ಲಿ ಅಂಟಿಕೊಂಡಿತ್ತು
ಒಂದು ಕೆಂಪು ಟೂಟಿಫ್ರೂಟಿ.