ಉಳಿದ ಹೊತ್ತು

ಆರು ತಿಂಗಳು ಹೊತ್ತಳು ಓಸ್ಲಾ.
ಏಳಕ್ಕೆ ಬೀಳುವ ಮೊದಲೇ, ಒಂದು ಮಂಗಳವಾರ,
ಗಾಳಿ ಹುಚ್ಚೆದ್ದ ರಾತ್ರಿ, ಶೆಟ್‌ಲ್ಯಾಂಡಿನಿಂದ ಪುಟ್ಟ ವಿಮಾನ
ಅವಳನ್ನೂ ಅವಳೊಳಗಿದ್ದವಳನ್ನೂ ಎತ್ತಿಕೊಂಡು ದಕ್ಷಿಣಕ್ಕೆ ಹಾರಿತು.
ಅದರಲ್ಲಿ ನನಗೆ ಜಾಗವಿರಲಿಲ್ಲ.

ಹಡಗಿನಲ್ಲಿ ಬಂದೆ, ಹದಿಮೂರು ಗಂಟೆ,
ಮೈಯೆಲ್ಲ ಚಿಪ್ಪುಮೀನಿನ ನಾತ,
ಉಗುರಲ್ಲಿ ಹಗ್ಗದ ಹಸಿರು ಪಾಚಿ.
ಅಬರ್ಡೀನಿನ ಬಂದರಿಗೆ ಕಾಲಿಡುವಷ್ಟರಲ್ಲಿ
ನಾನು ಅಪ್ಪನಾಗಿ ಐದು ಗಂಟೆಯಾಗಿತ್ತು.

ಏಳುನೂರ ತೊಂಬತ್ತು ಗ್ರಾಂ.
ಅಷ್ಟು ತೂಕಕ್ಕೆ ನಮ್ಮ ದೋಣಿಯ ತಕ್ಕಡಿಯಲ್ಲಿ
ಮುಳ್ಳು ಅಲುಗುವುದೂ ಇಲ್ಲ.
ಗಾಜಿನ ಪೆಟ್ಟಿಗೆ. ತಂತಿ. ಮೂಗಿಗೆ ನಳಿಗೆ.
ಕೈ ತೊಳೆ ಅಂದರು, ತೊಳೆದೆ; ಮತ್ತೆ ತೊಳೆದೆ.
ಮುಟ್ಟಬಹುದು ಅಂದರು. ಮುಟ್ಟಲಿಲ್ಲ.
ನನ್ನ ಹೆಬ್ಬೆರಳು ಅವಳ ತೊಡೆಗಿಂತ ದಪ್ಪ.

ಮೂರು ರಾತ್ರಿ ಗಾಡಿಯಲ್ಲೇ ಮಲಗಿದೆ,
ಆಸ್ಪತ್ರೆಯ ಹಿಂದೆ, ಗಂಟೆಗಿಷ್ಟು ಎಂದು ದುಡ್ಡು ತೆತ್ತು.
ನಾಲ್ಕನೆಯ ಬೆಳಗ್ಗೆ ಕಿಟಕಿ ತಟ್ಟಿದಳು ಒಬ್ಬ ಮುದುಕಿ,
ವಿಲ್ಮಾ, ಹಳದಿ ರೇನ್‌ಕೋಟು, ಬಾಯಲ್ಲಿ ಪೆಪ್ಪರ್‌ಮಿಂಟು.
“ರಸ್ತೆಯಾಚೆ ಮನೆಯಿದೆ, ನಿನ್ನಂಥವರಿಗೆಂದೇ. ನಾಲ್ಕನೇ ಕೋಣೆ ಖಾಲಿ.”
“ದಾನ ಬೇಡ” ಅಂದೆ. ನನ್ನ ಗಂಟಲಲ್ಲಿ ನನ್ನಪ್ಪನ ದನಿ.
“ದಾನ ಯಾರು ಕೊಟ್ಟರು? ಬೀಗದ ಕೈ ಕೊಟ್ಟೆ.
ಮೊದಲು ಸ್ನಾನ ಮಾಡು. ನಾರುತ್ತಿದ್ದೀಯ.”

ಆ ಮನೆಯಲ್ಲಿ ಯಾರೂ ‘ಮಗು ಹೇಗಿದೆ’ ಅನ್ನುವುದಿಲ್ಲ,
‘ಊಟ ಆಯಿತಾ’ ಅನ್ನುತ್ತಾರೆ.
ಫ್ರಿಜ್ಜಿನಲ್ಲಿ ಕೋಣೆಗೊಂದು ಖಾನೆ,
ನಮ್ಮದರಲ್ಲಿ ಯಾರೋ ಇಟ್ಟುಹೋದ ಸೂಪು.
ರಾತ್ರಿ ಎರಡಕ್ಕೆ ಓಸ್ಲಾ ಎದ್ದು ಹಾಲು ಹಿಂಡುವಾಗ
ಗೋಡೆಯಾಚೆ ಐದನೇ ಕೋಣೆಯಲ್ಲೂ ಅದೇ ಯಂತ್ರದ ಗುರ್‍ರ್,
ಮಂಜಿನಲ್ಲಿ ಎರಡು ದೋಣಿ
ಒಂದನ್ನೊಂದು ಕೇಳಿಸಿಕೊಂಡ ಹಾಗೆ.

ಒಂದು ಭಾನುವಾರ ಆಚೆಯದು ಕೇಳಿಸಲಿಲ್ಲ.
ಬೆಳಗ್ಗೆ ಆ ಗಂಡಸು ಸಿಂಕಿನ ಮುಂದೆ ನಿಂತು
ಒಂದೇ ಕಪ್ಪನ್ನು ತುಂಬ ಹೊತ್ತು ತೊಳೆದ.
ಒರೆಸುವ ಬಟ್ಟೆ ಹಿಡಿದು ವಿಲ್ಮಾ ಪಕ್ಕದಲ್ಲಿ ನಿಂತಳು
ಅವನಾಗಿ ಕೊಡುವವರೆಗೆ.
ಅವಳದು ಎಪ್ಪತ್ತಮೂರರಲ್ಲಂತೆ, ಆಮೇಲೆ ಯಾರೋ ಹೇಳಿದರು;
ಆಗ ಈ ಮನೆ ಇರಲಿಲ್ಲ. ನೋಡಲೂ ಬಿಟ್ಟಿರಲಿಲ್ಲವಂತೆ.

ಅವಳು ಹೆಣೆಯುವುದು ನೂಲಿನ ಚೌಕ. ಅಂಗೈಯಗಲ, ಜೋಡಿ ಜೋಡಿ.
ಒಂದು ಮಗುವಿನ ಕೆನ್ನೆಯಡಿ, ಒಂದು ತಾಯಿಯ ಎದೆಗೊತ್ತಿ,
ಬೆಳಗಾದರೆ ಅದಲುಬದಲು.
ಇವಳಿಗೆ ಅವಳ ವಾಸನೆ, ಅವಳಿಗೆ ಇವಳದು.
ವಾಸನೆ ಮುಟ್ಟಿದ ಮೇಲೆ ಓಸ್ಲಾಗೆ ಹಾಲು ಹೆಚ್ಚಿತು.
ನಾನು ನೋಡುತ್ತಿದ್ದೆ. ಕೇಳಲಿಲ್ಲ.

ಇವತ್ತಿಗೆ ನಲವತ್ತು ದಿನ.
ಒಂದು ಕೇಜಿ ಮುನ್ನೂರು. ಇನ್ನೂ ನಳಿಗೆ. ‘ನೋಡೋಣ’ ಎನ್ನುತ್ತಾರೆ ಡಾಕ್ಟರು.
ನಿನ್ನೆ ಬೆರಳು ಕೊಟ್ಟೆ: ಹಿಡಿದಳು, ಬಿಟ್ಟಳು, ಆಕಳಿಸಿದಳು.
ಕಡಲಲ್ಲಿ ಇಳಿಬಿಟ್ಟ ಹಗ್ಗಗಳಿಗೆ ಚಿಪ್ಪು ಕಟ್ಟಿ ಭಾರ ಬಂದಿದೆ,
ಕೆಲಸ ಕಾಯುವುದಿಲ್ಲ, ಹೊರಡಬೇಕು, ಎರಡು ವಾರ.

ಬಾಗಿಲಲ್ಲಿ ವಿಲ್ಮಾ. ಕೈಯಲ್ಲಿ ಮೂರನೆಯ ಚೌಕ, ಕಡುನೀಲಿ,
ಒಂದು ಮೂಲೆ ಸೊಟ್ಟ.
“ನಿನ್ನೆಯಿಂದ ಅವಳ ಹತ್ತಿರವೇ ಇತ್ತು.
ಬರುವಾಗ ತೊಳೆಯದೆ ತಾ. ನಿನ್ನ ನಾತ ಅವಳಿಗೂ ತಿಳಿಯಲಿ.”
ಎಷ್ಟಾಯಿತು ಎನ್ನಲು ಬಾಯಿ ತೆರೆದೆ. ಮುಚ್ಚಿದೆ.

ಏಳಕ್ಕೆ ಹಡಗು ಬಿಟ್ಟಿತು.
ಒಂಬತ್ತು ತಿಂಗಳು ಹೊರಬೇಕಾದ್ದನ್ನು ನಡುದಾರಿಯಲ್ಲಿ ಇಳಿಸಿದೆನೆಂದು
ಓಸ್ಲಾ ದಿನಾ ತನ್ನ ಮೈಯನ್ನೇ ಬೈದುಕೊಳ್ಳುತ್ತಾಳೆ.
ಉಳಿದ ಹೊತ್ತನ್ನು
ಯಾರ್‍ಯಾರು ಹೊತ್ತರೋ, ಲೆಕ್ಕಕ್ಕೆ ಕೂತರೆ ಮುಗಿಯುವುದಿಲ್ಲ:
ಗಾಜು, ಬಿಸಿ ದೀಪ, ರಾತ್ರಿಪಾಳಿಯ ನರ್ಸುಗಳು,
ಸೂಪು ಮಾಡಿ ಹೆಸರು ಬರೆಯದೆ ಹೋದವರು.
ಈಗ ಅಂಗಿಯೊಳಗೆ, ಎಡಗಡೆ,
ಉಪ್ಪುಗಾಳಿ ತಾಗದಂತೆ ಗುಂಡಿ ಹಾಕಿಕೊಂಡು
ತೂಕವೇ ಇಲ್ಲದ್ದೊಂದನ್ನು
ನಾನೂ ಹೊತ್ತಿದ್ದೇನೆ.