ಒಂಬತ್ತು ಪೌಂಡಿನ ಹಿಡಿತ

ನಾಲ್ಕು ಕ್ಲಾಂಪು, ಒಂಬತ್ತು ಪೌಂಡು.
ಗ್ರೀನಕ್‌ನ ಶನಿವಾರದ ಸಂತೆಯಲ್ಲಿ ಕೊಂಡದ್ದು.
ಬಿಗಿದರೆ ಬಾಗುತ್ತವೆ,
ಬಿಟ್ಟರೆ ಜಾರುತ್ತವೆ,
ಹಿಡಿದ ಮರಕ್ಕೆಲ್ಲ ಹಲ್ಲಿನ ಗುರುತು.

ಮೊರಾಗ್ ಬೈಯಲಿಲ್ಲ. ಷೆಡ್ಡಿನ ಬಲ್ಬಿನಡಿ
ಅಲ್ಯೂಮಿನಿಯಂ ಪಟ್ಟಿಯೊಳಗೆ ಇಣುಕಿದಳು:
ಪೂರಾ ಟೊಳ್ಳು.
ಮುರಿದ ಮಂಚದ ಬೀಚ್ ಮರ ಸೀಳಿ
ಕೀಸುಳಿ ಹೊಡೆದು, ತೂರಿಸಿ ನೋಡಿ,
ಮತ್ತೆ ಕೂದಲೆಳೆಯಷ್ಟು ಕೀಸಿ
ಮೂರನೆಯ ಸಲಕ್ಕೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಳು.
ದವಡೆಗೆ, ಹಡಗುಕಟ್ಟೆಯಲ್ಲಿ ಅಪ್ಪ ತೊಡುತ್ತಿದ್ದ
ವೆಲ್ಡಿಂಗ್ ಏಪ್ರನ್ನಿನ ಚರ್ಮ.
ತಿರುಪಿಗೆ ಮೇಣದಬತ್ತಿ.
ಹಿಡಿಗೆ ಸೈಕಲ್ ಟ್ಯೂಬು.

ಈಗ ಆರ್ಚಿಯ ಕುರ್ಚಿ.
ಹಿಂಗಾಲ ಮೇಲೆ ವಾಲಬೇಡ ಅಂದರೂ
ನಲವತ್ತು ವರ್ಷದಿಂದ ವಾಲುವ ಗಂಡ;
ಇದು ಮೂರನೆಯ ಮುರಿತ.

ತಿರುಗಿಸಿದಳು. ಬಾಗಲಿಲ್ಲ.
ಲೋಹದೊಳಗಿನ ಮರ
ಹೊರಗಿನ ಮರವನ್ನು ಹಿಡಿದು ನಿಂತಿತು.
ಸಂದಿಯುದ್ದಕ್ಕೂ ಅಂಟು
ಸಾಸಿವೆ ಕಾಳಿನಷ್ಟು ಸಾಸಿವೆ ಕಾಳಿನಷ್ಟು ಮೂಡಿತು.
ಅಲ್ಲಿಗೆ ಕೈ ತೆಗೆದಳು.
ಇನ್ನೂ ಬಿಗಿದರೆ ಅಂಟೆಲ್ಲ ಹೊರಗೆ,
ಒಳಗೆ ಬರೀ ಪಟ್ಟು.

"ಕೂರಬಹುದಾ?" ಬಾಗಿಲಲ್ಲಿ ಆರ್ಚಿ.
"ನಾಳೆ. ಅದೂ ನೆಟ್ಟಗೆ."

ಅವನು ಚೌಕಟ್ಟಿಗೆ
ಹಾಗೇ ವಾಲಿಕೊಂಡ.