ಹೊತ್ತು

ವೀಕ್ಷಣಾಲಯ ಎಂದು ಬರೆದ ತಗಡಿನ ಬೋರ್ಡಿನ ಕೆಳಗೆ
ದುರ್ಬೀನು ಎಲ್ಲಿ ಎಂದು ಕೇಳುತ್ತಾರೆ ಹುಡುಗರು.
ಮಿಲ್ಕಾ ಅವೂರ್ ಸೈಕಲ್ಲಿನ ಕ್ಯಾರಿಯರಿಗೆ
ರಿಜಿಸ್ಟರು ಬಿಗಿಯುತ್ತಾಳೆ, ಹಳೆ ಟ್ಯೂಬಿನ ರಬ್ಬರಿನಿಂದ.
ಇದೇ ನೋಡ್ರೋ, ಅನ್ನುತ್ತಾಳೆ,
ಪಂಕ್ಚರ್ ಆಗದಿದ್ದರೆ ದೂರದ್ದೂ ಕಾಣುತ್ತದೆ.

ವಿಕ್ಟೋರಿಯಾ ಎಂದು ಯಾರೋ ಹೆಸರಿಟ್ಟು ಹೋದ ನೀರು.
ಈ ದಡದಲ್ಲಿ ಮಗುವಿಗೆ ಹುಟ್ಟಿದ ಹೊತ್ತೇ ಹೆಸರು:
ಬೆಳಗಾದರೆ ಅಕಿನ್ಯಿ, ಬಿಸಿಲು ನೆತ್ತಿಗೇರಿದರೆ ಅಚಿಯೆಂಗ್,
ಇರುಳಿಗೆ ಅತಿಯೆನೊ. ನಡುರಾತ್ರಿಯವಳು ಇವಳು, ಅವೂರ್.
ಊಟಕ್ಕೆ ಕೂಗಿದರೆ ಸಾಕು,
ಯಾರು ಯಾವಾಗ ಬಂದರೆಂದು ಓಣಿಗೆಲ್ಲ ಗೊತ್ತು.
ಹೋದ ಹೊತ್ತಿಗೆ ಮಾತ್ರ
ನಮೂನೆಯಲ್ಲಿ ಕಾಲಂ ಇರಲಿಲ್ಲ.

ನಮೂನೆ ಕೇಳುತ್ತದೆ: ಜ್ವರವಿತ್ತೆ? ಎಷ್ಟು ದಿನ?
ಕೆಮ್ಮು? ವಾಂತಿ? ಉಸಿರಿಗೆ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತೆ?
ತಾಯಿ ಇಲ್ಲ ಅನ್ನುತ್ತಾಳೆ, ಇಲ್ಲ, ಇಲ್ಲ,
ಬಲೆಯ ಮೇಲೆ ಒಮೆನಾ ಮೀನು ಮಗುಚುತ್ತ,
ಕೈ ನಿಂತರೆ ಕೊಕ್ಕರೆ ಒಯ್ಯುತ್ತದೆ.
ಎಂಬತ್ತೆರಡು ಇಲ್ಲಗಳಾದ ಮೇಲೆ ಮಿಲ್ಕಾ
'ಇತರೆ' ಎಂಬಲ್ಲಿ ಟಿಕ್ ಹಾಕಿ,
ಕೇಳಬಾರದ್ದೇನೋ ಎಂಬಂತೆ ಕೇಳುತ್ತಾಳೆ:
ಆಗ ಹೊತ್ತೆಷ್ಟಾಗಿತ್ತು?
ಗಡಿಯಾರ ಎಲ್ಲಿತ್ತು ಮಗಳೇ.
ಎರಡನೇ ಸಲ ಮೀನು ಮಗುಚುವ ಹೊತ್ತು.

ಅದನ್ನು ಅಂಚಿನಲ್ಲಿ ಬರೆದುಕೊಂಡಳು ಪೆನ್ಸಿಲಿನಲ್ಲಿ,
ಸೂಪರ್‌ವೈಸರ್ ಬೇಕಾದರೆ ಅಳಿಸಲಿ ಎಂಬಷ್ಟು ತೆಳ್ಳಗೆ.

ನಾಲ್ಕು ವರ್ಷ.

ಕಿಸುಮುವಿನ ಕಚೇರಿಯಲ್ಲಿ, ಫ್ಯಾನು ತಿರುಗದ ಒಂದು ಮಧ್ಯಾಹ್ನ,
ಒಗುಟು ಎಂಬ ಲೆಕ್ಕದ ಹುಡುಗ ಬೇಜಾರಿಗೆ ಅಂಚುಗಳನ್ನು ಓದಿದ.
ಎಲ್ಲರೂ ಮಲೇರಿಯಾದ ಮೇಲೆ ಕಣ್ಣಿಟ್ಟಿದ್ದರು,
ಸೊಳ್ಳೆಪರದೆಗೆ ಹಣ ಬಂದಿತ್ತು
(ಪರದೆಗಳು ಮೀನು ಒಣಹಾಕಲು ಹೋಗಿದ್ದವು, ಅದು ಬೇರೆ ಕತೆ).
'ಇತರೆ' ಎಂಬ ಪುಟ್ಟ ಚೌಕದೊಳಗೆ ಮೂವತ್ತೊಂದು ಮಕ್ಕಳು,
ಈಗಷ್ಟೇ ನಡೆಯಲು ಕಲಿತವರು,
ಹೆಸರಿನಲ್ಲಿ ನಸುಕು, ಸಂಜೆ, ಇರುಳು ಏನೇ ಇರಲಿ,
ಹೋದದ್ದು ಎಲ್ಲರೂ ಒಂದೇ ಹೊತ್ತಿಗೆ.
ಮಂಡಿಯುದ್ದ ನೀರು.
ರೋಗವೇ ಅಲ್ಲ.

ಕೌಂಟಿಯ ಸಭೆಗೆ ಅವಳನ್ನೂ ಕರೆದಿದ್ದರು.
ಗೋಡೆಯ ಮೇಲೆ ಕಂಬದಂತೆ ಎದ್ದು ನಿಂತ ಹನ್ನೊಂದು ಗಂಟೆ.
ತಾಯಂದಿರ ಬೇಜವಾಬ್ದಾರಿ, ಎಂದರೊಬ್ಬರು ಕೋಟಿನ ಗುಂಡಿ ಹಾಕುತ್ತ.
ಮಿಲ್ಕಾಗೆ ಭಾಷಣ ಬಾರದು.
ಚೀಲದಿಂದ ಎರಡು ಬೊಗಸೆ ಹಸಿ ಒಮೆನಾ
ಮೇಜಿನ ಮೇಲೆ ಸುರಿದು, ಮಗುಚಿ, ಅಂದಳು,
ನಾಲ್ಕು ತಾಸು, ಎರಡೂ ಕೈಯಿಂದ.
ಮಗುವನ್ನು ಯಾವ ಕೈಯಲ್ಲಿ ಹಿಡಿಯುತ್ತೀರೋ ತೋರಿಸಿ.
ಕಡತಗಳಿಗೆ ವಾಸನೆ ಹತ್ತಿತು. ಇವತ್ತಿಗೂ ಹೋಗಿಲ್ಲವಂತೆ.

ಏಳು ದಡಕ್ಕೆ ಕೇಳಿದ್ದು, ಮೂರಕ್ಕೆ ಸಿಕ್ಕಿತು:
ಒಂದು ಚಪ್ಪರ, ಒಂದು ಬೇಲಿ,
ಒಂಬತ್ತರಿಂದ ಒಂದರವರೆಗೆ ಸಂಬಳದ ಅಜ್ಜಿಯೊಬ್ಬಳು.
ಬಜೆಟ್ಟಿನಲ್ಲಿ ಅರ್ಧ ಸಾಲು.

ಆ ಮೂರು ದಡಗಳ ಪುಟದಲ್ಲಿ ಈಗ ಸೊನ್ನೆ.
ಸೊನ್ನೆಯನ್ನು ಯಾರೂ ಬಂದು ತಬ್ಬಿಕೊಳ್ಳುವುದಿಲ್ಲ.
ಉಳಿದವನಿಗೆ ತಾನು ಉಳಿದದ್ದೇ ತಿಳಿಯದು,
ಬೇಲಿಗೆ ಒದೆಯುತ್ತಾನೆ, ನೀರು ಬೇಕೆಂದು ಅರಚುತ್ತಾನೆ.

ಇನ್ನು ನಾಲ್ಕು ದಡಗಳಿವೆ. ಮಿಲ್ಕಾ ಹೋಗುತ್ತಾಳೆ.
ಹೊಸ ನಮೂನೆಯಲ್ಲಿ 'ಹೊತ್ತು' ಎಂದು ಅಚ್ಚಾಗಿದೆ.
ನೀರಿನಿಂದ ಮನೆತನಕ ಹೊತ್ತು ತಂದವರು ಯಾರು
ಎಂಬುದಕ್ಕೆ ಜಾಗವಿಲ್ಲ.
ಅದನ್ನು ಅಂಚಿನಲ್ಲಿ ಬರೆಯುತ್ತಾಳೆ,
ಪೆನ್ಸಿಲಿನಲ್ಲಿ.